ಜೋಡಿಯ ಹತ್ತನೆಯ ಚಿತ್ರ

ಲೆನೋರಾ ಫಿಚ್ ಮತ್ತು ಕ್ಲೆಮೆಂಟ್ ಡಾರೋ ಎಣ್ಣೆ ಸೀಗೆಕಾಯಿ ಎನ್ನುವುದು ಹಾಲಿವುಡ್‌ನ ಹಳಬರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಸಿನಿಮಾ ನೋಡುವ ಜನಕ್ಕೆ ಮಾತ್ರ. ಮೂವತ್ತರ ದಶಕದಲ್ಲಿ ಇಬ್ಬರೂ ಜೋಡಿಯಾಗಿ ಒಂಬತ್ತು ಚಿತ್ರ ಮಾಡಿದ್ದರು, ಒಂಬತ್ತರಲ್ಲೂ ಕೊನೆಗೆ ಮದುವೆಯಾಗಿದ್ದರು. ನಿಜವಾಗಿಯೂ ಗಂಡಹೆಂಡತಿ ಎಂದೇ ನಂಬಿದ್ದ ಅಯೋವಾದ ಹೆಂಗಸರು "ನಿಮ್ಮ ಯಜಮಾನರ ನೆಗಡಿ ವಾಸಿಯಾಯಿತೆ?" ಎಂದು ಲೆನೋರಾಗೆ ಬರೆಯುತ್ತಿದ್ದರು. ಆ ಯಜಮಾನರೋ, ಮುತ್ತಿನ ದೃಶ್ಯವಿದ್ದ ದಿನ ಬೇಕೆಂದೇ ಹಸಿ ಈರುಳ್ಳಿ ತಿಂದು ಬರುವ ಆಸಾಮಿ. ಲೆನೋರಾಳೇನೂ ಕಡಿಮೆಯವಳಲ್ಲ. ಕ್ಲೆಮೆಂಟ್ ಗಿಡ್ಡ. ಅದಕ್ಕೇ ಅವಳು ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದಳು. ಅವನು ಹಲಗೆಯ ಮೇಲೆ ಹತ್ತಿ ನಿಲ್ಲುವುದನ್ನು ಸೆಟ್ಟಿನಲ್ಲಿದ್ದವರೆಲ್ಲ ನೋಡಬೇಕು, ಅಷ್ಟೆ.

ಯುದ್ಧ ಮುಗಿಯುವ ಹೊತ್ತಿಗೆ ಜನಕ್ಕೆ ಹೊಸ ಮುಖಗಳು ಬೇಕಾಗಿದ್ದವು. ಲೆನೋರಾ ಪಾಸಡೀನಾದಲ್ಲಿ ಮಾಡ್ ಎಂಬ ವಿಧವೆ ಅಕ್ಕನ ಜೊತೆ ಇಸ್ಪೀಟು ಆಡಿಕೊಂಡು ನೆಮ್ಮದಿಯಾಗಿದ್ದಳು. ೧೯೬೧ರ ವಸಂತದಲ್ಲಿ ಸ್ಟಾನ್ ಬೀಲ್‌ಸ್ಕಿ ಎಂಬ ಎಳೆಯ ನಿರ್ದೇಶಕ ಫೋನು ಮಾಡಿದ. ಕಡಲ ದಡದ ದೀಪಸ್ತಂಭ ನೋಡಿಕೊಳ್ಳುವ ಮುದಿ ದಂಪತಿಯ ಕತೆ, ಹೆಂಡತಿಯ ಪಾತ್ರ ಅವಳದು.

"ಗಂಡ ಯಾರು?"

"ಮಿಸ್ಟರ್ ಡಾರೋ, ಮೇಡಂ. ನೀವು ಮಾಡಿದ್ರೆ ಮಾತ್ರ ತಾನೂ ಮಾಡ್ತೀನಿ ಅಂತ ಪಟ್ಟು ಹಿಡಿದು ಕೂತಿದ್ದಾರೆ."

"ಯಾಕಂತೆ?"

"ಕೇಳಿದೆ. ಬಾಯಿ ಬಿಡ್ಲಿಲ್ಲ."

ಫೋನು ಇಟ್ಟ ಮೇಲೆ ಮಾಡ್ ಇಸ್ಪೀಟೆಲೆ ಕಲಸುತ್ತ ಅಂದಳು: "ಸಾಯೋ ಮುಂಚೆ ಇನ್ನೊಂದು ಸಲ ನಿನ್ನ ಗೋಳು ಹುಯ್ಕೋಬೇಕು ಅಂತ ಆಸೆ ಇರ್ಬೇಕು, ಪಾಪ."

"ಆಗ್ಲಿ. ನಂಗೇನು ಕೈ ಇಲ್ವಾ?" ಎಂದು ಲೆನೋರಾ ಒಪ್ಪಿಕೊಂಡಳು. ಆದರೂ ಅವನು ತನ್ನನ್ನೇ ಯಾಕೆ ಕೇಳಿದ ಎಂಬುದು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು.

ಮೊದಲ ದಿನ ಕಂಡ ಕ್ಲೆಮೆಂಟ್‌ಗೆ ತಲೆ ಪೂರ್ತಿ ಬೆಳ್ಳಗಾಗಿತ್ತು, ಮೀಸೆಯನ್ನು ಮಾತ್ರ ಹಳೆಯ ಠೀವಿಯಲ್ಲೇ ಕತ್ತರಿಸಿದ್ದ. "ಬಾ ಮಹಾರಾಣಿ" ಎಂದು ಬಗ್ಗಿ ನಮಸ್ಕರಿಸಿದ. ಅಡುಗೆಮನೆಯ ದೃಶ್ಯ. ಲೆನೋರಾ ಒಲೆಯ ಕಡೆ ತಿರುಗಿ ಕಾಫಿ ಬಗ್ಗಿಸುತ್ತ ತನ್ನ ಮಾತು ಹೇಳಬೇಕು, ಅವನು ಉತ್ತರಿಸಬೇಕು. ಅವಳು ಹೇಳಿದಳು. ಅವನು ಸುಮ್ಮನೆ ಕೂತಿದ್ದ. ಮತ್ತೆ ತೆಗೆದರು, ಮತ್ತೂ ಹಾಗೆಯೇ ಆಯಿತು. ಇದು ಹಳೆಯ ಚಾಳಿ, ನನ್ನ ಶಾಟ್ ಕೆಡಿಸುತ್ತಿದ್ದಾನೆ ಎಂದು ಅವಳಿಗೆ ರೇಗಿಹೋಯಿತು.

ಮಧ್ಯಾಹ್ನದ ಬಿಡುವಿನಲ್ಲಿ ಅವನ ಕೋಣೆಗೆ ನುಗ್ಗಿದಳು. ಅವನು ಬಾಗಿಲಿಗೆ ಬೆನ್ನು ಮಾಡಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. "ಅರವತ್ತೆಂಟಾದ್ರೂ ನಿಂಗೆ ಬುದ್ಧಿ ಬರ್ಲಿಲ್ವಲ್ಲೋ" ಎಂದಳು. ಅವನು ತಿನ್ನುತ್ತಲೇ ಇದ್ದ. ಇನ್ನೂ ಜೋರಾಗಿ, ಬರೆಯಲಾಗದ ಒಂದು ಮಾತು ಬೈದಳು. ಹೊರಗಿದ್ದ ಬಡಗಿ ಇಣುಕಿ ನೋಡಿ ನಕ್ಕ. ಕ್ಲೆಮೆಂಟ್‌ನ ತಲೆ ಅಲುಗಲಿಲ್ಲ. ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದ ಮನುಷ್ಯ ಎಂದು ಜನ್ಮವಿಡೀ ಬೈದದ್ದು ನೆನಪಾಗಿ ಲೆನೋರಾಳ ಸಿಟ್ಟು ಜರ್ರನೆ ಇಳಿಯಿತು. ಬಾಗಿಲು ಮುಚ್ಚಿ, ಸುತ್ತಿಬಂದು ಅವನ ಎದುರು ಕೂತಳು.

"ಯಾವಾಗಿಂದ?" ಎಂದು ತೀರ ಮೆಲ್ಲಗೆ ಕೇಳಿದಳು.

ಅವನ ಕಣ್ಣು ಅವಳ ಬಾಯಿಯ ಮೇಲಿತ್ತು. ಸ್ಯಾಂಡ್‌ವಿಚ್ ಕೆಳಗಿಟ್ಟ. "ನಾಲ್ಕು ವರ್ಷ ಆಯ್ತು. ಈಗ ಮಗಳು ತಂದುಕೊಟ್ಟ ಕಿವಿ ಮಷೀನು ಇಲ್ದೆ ಏನೂ ಕೇಳಲ್ಲ, ಅದನ್ನ ನಾಲ್ಕು ಜನರ ಮುಂದೆ ನಾನು ಹಾಕ್ಕೊಳ್ಳಲ್ಲ."

"ಅದಕ್ಕೇನಾ ನನ್ನ ಕರೆಸಿದ್ದು?"

"ಬೇರೆಯವರ ತುಟಿ ನೋಡಿದ್ರೆ ನಂಗೆ ಒಂದಕ್ಷರ ತಿಳಿಯಲ್ಲ ಲೆನೋರಾ. ನಿಂದು ಬಾಯಿಪಾಠ. ಒಂಬತ್ತು ಪಿಕ್ಚರು ಒಂದು ಗೇಣು ದೂರದಲ್ಲಿ ನಿಂತು ಅದನ್ನೇ ನೋಡಿದೀನಲ್ಲ. ಬೈಯೋವಾಗಂತೂ ಇನ್ನೂ ಸ್ಪಷ್ಟ."

ಅವಳು ನಗಲಿಲ್ಲ. "ಸ್ಟಾನ್‌ಗೆ ಹೇಳ್ಬಾರ್ದಾ?"

"ಹೇಳಿದ್ರೆ ಸಂಜೆಗೆ ಇನ್ನೊಬ್ಬ ಮುದುಕ ಬಂದು ನನ್ನ ಕುರ್ಚೀಲಿ ಕೂತಿರ್ತಾನೆ. ಇದು ನನ್ನ ಕೊನೇದು. ಇದೊಂದು ಮುಗಿಸಿಬಿಡ್ತೀನಿ."

ಲೆನೋರಾ ಬಹಳ ಹೊತ್ತು ಯೋಚಿಸಲಿಲ್ಲ. ನಿರ್ದೇಶಕನ ಬಳಿ ಹೋಗಿ, "ಈ ಹೆಂಗಸು ಗಂಡನಿಗೆ ಬೆನ್ನು ಮಾಡಿ ಮಾತಾಡೋಳಲ್ಲ ಸ್ಟಾನ್, ಮುಖ ನೋಡಿಯೇ ಮಾತಾಡೋಳು" ಎಂದಳು. ಸ್ಟಾನ್ ಗಲ್ಲ ಕೆರೆದುಕೊಂಡು ಒಪ್ಪಿದ. ಅಲ್ಲಿಂದ ಮುಂದೆ ಕಾಫಿ ಬಗ್ಗಿಸುವಾಗ, ಬಟ್ಟೆ ಒಣಹಾಕುವಾಗ, ಮೀನು ಹೆಚ್ಚುವಾಗಲೂ ಅವಳು ಹೇಗಾದರೂ ಮಾಡಿ ಅವನ ಕಡೆ ತಿರುಗುತ್ತಿದ್ದಳು. ಒಮ್ಮೆ ಮೀನಿನ ಬದಲು ಬೆರಳು ಹೆಚ್ಚಿಕೊಂಡಳು. ಗಂಡನಿಂದ ಕಣ್ಣು ತೆಗೆಯದ ಈ ಮುದುಕಿಯನ್ನು ಕಂಡು ಲೈಟು ಹಿಡಿಯುವವರೂ ಕೆಲಸ ಮರೆತು ನೋಡುತ್ತಿದ್ದರು. ಎಂಥ ನಟನೆ ಎಂದು ಸ್ಟಾನ್ ಹೊಗಳಿದ್ದನ್ನು ಅವಳು ತುಟಿಯಲ್ಲೇ ಅವನಿಗೆ ದಾಟಿಸಿದಾಗ ಇಬ್ಬರೂ ಹಲ್ಲು ಕಚ್ಚಿ ನಗು ತಡೆದರು. ಒಂದೇ ಗುಟ್ಟನ್ನು ಇಬ್ಬರೂ ಕಾಯುವುದು ಅವರಿಗೆ ಹೊಸದು. ಅದರಲ್ಲೊಂದು ಸುಖವಿತ್ತು.

ತೊಡಕು ಬಂದದ್ದು ಕೊನೆಯ ದೃಶ್ಯಕ್ಕೆ. ಆಕ್ಸ್‌ನಾರ್ಡ್ ಹತ್ತಿರದ ಕಡಲ ದಂಡೆಯಲ್ಲಿ ದಂಪತಿ ಬೆಂಚಿನ ಮೇಲೆ ಕೂತು ನೀರು ನೋಡುತ್ತಿರಬೇಕು, ಕ್ಯಾಮೆರಾ ಹಿಂದಿನಿಂದ. ಯಾರೂ ಯಾರ ಕಡೆಗೂ ತಿರುಗಬಾರದು. ಈ ಸಲ ಸ್ಟಾನ್ ಜಗ್ಗಲಿಲ್ಲ.

"ನಿನ್ನ ಮಗಳು ಕಿವಿ ಮಷೀನು ತಂದುಕೊಟ್ಟಿದಾಳೆ ಅಂದ್ಯಲ್ಲ, ಹಾಕ್ಕೋ" ಎಂದಳು ಲೆನೋರಾ.

"ಕ್ಯಾಮೆರಾ ಹಿಂದೆ ಇರುತ್ತೆ. ಕಿವಿ ಹಿಂದಿನ ಡಬ್ಬಿ ಎಲ್ಲರಿಗೂ ಕಾಣುತ್ತೆ."

"ಕಂಡ್ರೇನು?"

"ಹೆಂಗಸರು ನನಗೋಸ್ಕರ ಮೂರ್ಛೆ ಹೋಗ್ತಿದ್ರು ಕಣೆ."

"ಅವರಿಗೂ ಈಗ ಕಿವಿ ಕೇಳಲ್ಲ ಬಿಡು. ನೋಡು, ಬೆನ್ನು ಮಾತ್ರ ಕಾಣೋದು. ನೀನು ತಡವರಿಸಿದ್ರೆ ನಿನ್ನ ಕೋಟು ಇನ್ನೊಬ್ಬನಿಗೆ ತೊಡಿಸಿ ಕೂರಿಸ್ತಾರೆ. ನಿನ್ನ ಕೊನೇ ದೃಶ್ಯದಲ್ಲಿ ಯಾರದೋ ಬೆನ್ನು ಇರ್ಲಾ?"

ಅವನು ಎದ್ದುಹೋದ. ಲೆನೋರಾ ಬೆಂಚಿನ ಮೇಲೆ ಕೂತು ಕಾದಳು. ಆಮೇಲೆ ಬಂದು ಪಕ್ಕದಲ್ಲಿ ಕೂತವನ ಕಿವಿಯ ಹಿಂದೆ ಹುಣಸೆಬೀಜದ ಬಣ್ಣದ ಮಷೀನಿತ್ತು. ಹಿಂದೆ ನಿಂತಿದ್ದ ಸ್ಟಾನ್ ಅದನ್ನು ನೋಡಿದ, ಅವಳನ್ನು ನೋಡಿದ. ಇಷ್ಟು ದಿನದ್ದೆಲ್ಲ ಅವನಿಗೆ ಆಗ ಅರ್ಥವಾಗಿರಬೇಕು. ಮೇಕಪ್ಪಿನವಳು ಕೂದಲು ಎಳೆದು ಅದನ್ನು ಮುಚ್ಚಲು ಹೋದಾಗ, "ಬೇಡ, ಹಾಗೇ ಇರ್ಲಿ" ಎಂದ.

ಕ್ಯಾಮೆರಾ ಓಡಿತು. ಲೆನೋರಾ ಕಡಲನ್ನು ನೋಡುತ್ತ ತನ್ನ ಮಾತು ಹೇಳಿದಳು: "ನಾಳೆಯಿಂದ ದೀಪ ತಾನಾಗೇ ಹತ್ತುತ್ತಂತೆ."

ತಿರುಗಬಾರದು ಎಂದಿದ್ದರೂ ಕ್ಲೆಮೆಂಟ್ ತಲೆ ಹೊರಳಿಸಿ ಅವಳನ್ನು ನೋಡಿದ. ತುಟಿಯನ್ನಲ್ಲ, ಮುಖವನ್ನು. ಆಮೇಲೆ ಮತ್ತೆ ನೀರಿನ ಕಡೆ ತಿರುಗಿ, "ಹತ್ತಲಿ ಬಿಡು" ಎಂದ. ಸ್ಟಾನ್ ಎರಡನೆಯ ಸಲ ತೆಗೆಯಲಿಲ್ಲ.

ಜನ ಸಾಮಾನು ಕಟ್ಟುವಾಗಲೂ ಇಬ್ಬರೂ ಅಲ್ಲೇ ಕೂತಿದ್ದರು.

"ಯಾಕೋ ತಿರುಗಿದೆ?"

"ನನ್ನ ತಲೇಲಿ ಇನ್ನೂ ಆ ಮೂವತ್ತರ ಹುಡುಗೀ ದನೀನೇ ಇತ್ತು. ಇಷ್ಟು ದಿನ ನೀನು ಬಾಯಿ ಅಲ್ಲಾಡಿಸಿದ್ರೆ ಅದೇ ಕೇಳ್ತಿತ್ತು."

"ಈಗ?"

"ಮುದುಕೀದು" ಎಂದ. ಸ್ವಲ್ಪ ಹೊತ್ತು ಅಲೆ ಕೇಳಿ, "ಚೆನ್ನಾಗಿದೆ. ಇನ್ನೂ ಏನಾದ್ರೂ ಹೇಳು" ಎಂದ.

ಅವಳು ಮಾಡ್‌ಳ ಇಸ್ಪೀಟಿನ ಮೋಸಗಳನ್ನು ಹೇಳಿದಳು. ಕತ್ತಲಾಗುವ ಮುಂಚೆ ದಂಡೆಯ ಹೋಟೆಲಿನಲ್ಲಿ ಬಿಸಿ ಮೀನುಸಾರು ಕುಡಿದರು. ಫೋಟೋದವರಿಲ್ಲದೆ ಇಬ್ಬರೂ ಒಟ್ಟಿಗೆ ಉಂಡದ್ದು ಅದೇ ಮೊದಲು.

ಚಿತ್ರ ಹೆಚ್ಚೇನೂ ಓಡಲಿಲ್ಲ. ಮರುವರ್ಷ ಕ್ಲೆಮೆಂಟ್ ಆರೆಗನ್‌ನಲ್ಲಿದ್ದ ಮಗಳ ಮನೆ ಸೇರಿದ, ಅಲ್ಲೇ ಒಂದು ಚಳಿಗಾಲ ನಿದ್ದೆಯಲ್ಲಿ ಹೋದ. ಲೆನೋರಾ ರೈಲಿನಲ್ಲಿ ಹೋಗಿ ಮಣ್ಣು ಹಾಕಿ ಬಂದಳು. ಹೊಸ ಪಾತ್ರ ಕೊಡುತ್ತೇವೆಂದು ಆಮೇಲೆ ಒಂದೆರಡು ಕಡೆಯಿಂದ ಫೋನು ಬಂತು. ಹಿತ್ತಲ ನಿಂಬೆಗಿಡಕ್ಕೆ ಹುಳು ಬಿದ್ದಿದೆ, ಬಿಡುವಿಲ್ಲ ಎಂದಳು. ಹುಳು ಬಿದ್ದದ್ದೂ ನಿಜವೇ ಆಗಿತ್ತು.