ಕಾರ್ಡು ಹೋಗಿ ಪೇಟೆ ಬಂದ ದಿನ

ಕೊಲ್ಲಿ ನಾಡಿನ ಬನಿಯಾಸ್‌ನ ಕಾರ್ಮಿಕರ ಕ್ಯಾಂಪಿನಲ್ಲಿ ಭಟ್ಕಳದ ನಬೀಲ್ ಇಪ್ಪತ್ತು ವರ್ಷ ಕಂಪನಿಯ ಪಡಿತರ ಕಾರ್ಡಿಗೆ ಅಕ್ಕಿ ತೂಗಿದವನು. ಅವನಿಗೆ ಹೆದರಿ ತಕ್ಕಡಿಯ ಮುಳ್ಳೂ ನೆಟ್ಟಗೆ ನಿಲ್ಲುತ್ತಿತ್ತು ಅನ್ನಿ. ಒಬ್ಬನೂ ಹಸಿದು ಮಲಗಬಾರದೆಂಬುದು ಅವನ ಹಟ. ಈಗ ಕಂಪನಿ ಪಡಿತರ ನಿಲ್ಲಿಸಿ ಅಂಗಡಿಯನ್ನು ಅವನಿಗೇ ಬಿಟ್ಟುಕೊಟ್ಟಿತ್ತು. ಇನ್ನು ಬೇಕಾದವರು ಬೇಕಾದಷ್ಟು ಕೊಳ್ಳಬಹುದು, ಪೇಟೆ ಬೆಲೆಗೆ ಎಂದು ಅವನೇ ಸಾರಿದ್ದ.

ಮೊದಲ ದಿನ ಅಡುಗೆಯವ ಕ್ಲಾರೆನ್ಸ್ ಹಳೆಯ ಕಾರ್ಡನ್ನೇ ಚಾಚಿದ. "ಭಾಯ್, ಇದು ಇನ್ನೂ ನಡೀತದಾ?"

"ಖಲಾಸ್," ಅಂದ ನಬೀಲ್. ಕಾರ್ಡಿನ ಕಾಲ ಮುಗಿಯಿತೆಂದು ಅವನ ಅರ್ಥ.

ಸರದಿಯವರ ಕಿವಿಗೆ ಬಿದ್ದದ್ದು ಅದೊಂದೇ ಮಾತು. ಅಕ್ಕಿ ಮುಗಿಯಿತೆಂಬ ಸುದ್ದಿ ಮರಳುಗಾಳಿಯನ್ನೂ ಹಿಂದೆ ಹಾಕಿ ಕ್ಯಾಂಪು ಸುತ್ತಿತು. ಹತ್ತು ಸಾವಿರ ಜನ ನುಗ್ಗಿದರು, ಒಬ್ಬನೂ ಕಡಿಮೆಯಿಲ್ಲ. ಕ್ಲಾರೆನ್ಸ್ ಒಬ್ಬನೇ ಮೂರು ಮೂಟೆ ಕೊಂಡು ಹೊತ್ತ.

"ಅಕ್ಕಿ ವಾರಕ್ಕೆ ಸಾಕು ಮಾರಾಯ್ರೇ," ಅಂದ ನಬೀಲ್.

"ಮತ್ತೆ ಖಲಾಸ್ ಅಂದದ್ದು ಎಂತಕ್ಕೆ?" ಸರದಿಯಿಂದ ಒಬ್ಬ ಕೇಳಿದ.

ಮಧ್ಯಾಹ್ನಕ್ಕೆ ಒಂದು ಕಾಳೂ ಉಳಿಯಲಿಲ್ಲ. ಹೊಸ ಲಾರಿ ಬರುವುದು ನಾಲ್ಕು ದಿನದ ಮೇಲೆ. ಪಾಳಿ ಮುಗಿಸಿ ಬಂದವರು ಖಾಲಿ ಚೀಲ ಹಿಡಿದು ನಿಂತರು.

ಎದುರಿನ ಗೋಡೆಯ ನೆರಳಲ್ಲಿ ಕ್ಲಾರೆನ್ಸ್ ಮೂಟೆ ಬಿಚ್ಚಿದ. "ಅಕ್ಕಿ ಉಂಟು, ಬೆಲೆ ಎರಡರಷ್ಟು. ಪೇಟೆ ಅಲ್ವಾ ಭಾಯ್, ನೀವೇ ಹೇಳಿದ್ದು."

ನಬೀಲ್ ತಾನೇ ಒಂದು ಚೀಲ ಹಿಡಿದು ಅವನ ಮುಂದೆ ಸಾಲಿನಲ್ಲಿ ನಿಂತ.