ಟಿವಿಯಲ್ಲಿ ಯಲ್ಲವ್ವ

ನಲ್ಲಿಗೆ ನೀರು ಬರುತ್ತಿಲ್ಲವೆಂದು ಹೇಳಲು ಶೈಲಾಳ ಅವ್ವ ಯಲ್ಲವ್ವ ಟಿವಿಯವರ ಮುಂದೆ ಮದುವೆಯ ಇಳಕಲ್ ಸೀರೆ ಉಟ್ಟು ನಿಂತಿದ್ದಳು. ಸಂಜೆ, ದುಡಿಯಲು ವಲಸೆ ಬಂದ ಕನ್ನಡಿಗರ ಬಡಾವಣೆಯಾದ ಮಂಗೋರ್ ಹಿಲ್‌ನ ಅವರ ಮನೆಯಲ್ಲಿ ಓಣಿಯೇ ನೆರೆಯಿತು. ಇಂಗ್ಲಿಷ್ ವಾರ್ತೆಯಲ್ಲಿ ಸೀರೆ ಮಿಂಚಿತು. ವರದಿಗಾರನ ದನಿಯಷ್ಟೇ ಇತ್ತು, ಯಲ್ಲವ್ವನ ಒಂದು ಮಾತೂ ಕೇಳಿಸಲಿಲ್ಲ.

“ಹೀರೋಯಿನ್ ಆಗಿಬಿಟ್ಟಿ ಬಿಡವಾ!” ಪಕ್ಕದ ಮನೆಯ ಮಹಾದೇವಕ್ಕ ನಕ್ಕಳು.

“ಏನಂದಾ ಅಂವಾ?” ಯಲ್ಲವ್ವ ಮಗಳತ್ತ ಅರಳಿದ ಮುಖ ತಿರುಗಿಸಿದಳು.

ಬಿ.ಎ. ಮುಗಿಸಿದರೂ ನಾಲ್ಕು ಜನರೆದುರು ಬಾಯಿ ಬಿಡದ ಶೈಲಾಳಿಗೆ ಮೈಯೆಲ್ಲ ಉರಿಯಿತು.

“ಹೊರಗಿಂದ ಬಂದವರು ಆರಾಮ ಅದಾರ, ಸೀರಿ ನೋಡ್ರಿ ಅಂದಾನ! ನೀರಿನ ಮಾತು ಕತ್ತರಿಸಿ ಒಗದಾನ. ಇದಕ್ಕ ನ್ಯೂಸ್ ಅಂತಾರ?”

ನಗು ನಿಂತಿತು.

“ಹರಕ ಸೀರಿ ಉಟ್ಟಿದ್ರ ಕೇಳತಿದ್ನೇನ?” ಯಲ್ಲವ್ವ ಕೇಳಿದಳು.

“ಹೊಲಸ ಮಂದಿ ಅಂತಿದ್ದ,” ಎಂದು ಶೈಲಾ ಟಿವಿ ಆರಿಸಿದಳು. “ನಾಳೆ ಅವನ ಆಫೀಸಿಗೆ ನಾನ ಹೊಂಟೇನಿ. ಬರವ್ರು ಬರ್ರಿ.”