ಲಾರಿಯಲ್ಲಿ ಬಂದ ನೀರು

ನಮ್ಮ ಊರ ಹೆಸರು ಹೇಳುವುದಿಲ್ಲ. ಹೇಳಿದರೆ ಇವತ್ತಿಗೂ ನಾಲ್ಕು ಜನ ಬಂದು ಜಗಲಿ ಮೇಲೆ ಕೂತು, "ಶಾಲುಬಾಯಿ, ನಿಂಗ ಅರವತ್ತಕ್ಕ ಅರಳು ಮರಳು ಆಗ್ಯಾದ" ಎನ್ನುತ್ತಾರೆ. ಭಾಲ್ಕಿಯಿಂದ ಮೆಹಕರ ಕಡೆಗೆ ಹೋಗುವ ದಾರಿಯಲ್ಲಿದೆ ಎಂದು ತಿಳಿದರೆ ಸಾಕು.

ಅದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ವರ್ಷ. ಭಾರತದ ಫೌಜು ಬೀದರಿಗೆ ಹೋದ ಐದನೇ ದಿನ ಊರೊಳಗೆ ಒಂದು ಗುಂಪು ನುಗ್ಗಿತು. ಅದರಲ್ಲಿ ಹೊರಗಿನವರೂ ಇದ್ದರು, ನಮ್ಮವರೂ ಇದ್ದರು. ಹಿಂದಿನ ಬೇಸಿಗೆಯಲ್ಲಿ ನಿಜಾಮನ ಪರದ ರಜಾಕಾರರು ನಮ್ಮ ಕಣಕ್ಕೆ ಬೆಂಕಿ ಹಚ್ಚಿದ್ದು ಸುಳ್ಳಲ್ಲ. ಆದರೆ ಹಚ್ಚಿದವರು ಎಂದೋ ಓಡಿಹೋಗಿದ್ದರು. ಕೈಗೆ ಸಿಕ್ಕವನು ಹೊಲಿಗೆ ಯಂತ್ರದ ಮುಂದೆ ಕೂತಿದ್ದ ದರ್ಜಿ ಅಬ್ದುಲ ಸಮದ. ನನ್ನ ಮದುವೆಯ ಕುಪ್ಪಸ ಹೊಲಿದ ಮನುಷ್ಯ. ಹಾಡಹಗಲೇ ಅವನನ್ನು ಎಳೆದೊಯ್ದು ಕೊಂದು ನಮ್ಮ ಓಣಿಯ ಮೆಟ್ಟಿಲ ಬಾವಿಗೆ ಹಾಕಿದರು. ಎಳೆದವರ ಪೈಕಿ ಇಬ್ಬರು ಆಮೇಲೆಯೂ ನಮ್ಮ ಮನೆಗೆ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದರು. ಬಾಯಿ ಬಿಡದೆ ಕೊಡುತ್ತಿದ್ದೆ. ಕೊಟ್ಟ ನನ್ನ ಕೈಗೆ ಈಗಲೂ ಬೈದುಕೊಳ್ಳುತ್ತೇನೆ.

ಸಮದನ ಹೆಂಡತಿ ಖತೀಜಾ ಬೇಗಂ ಊರು ಬಿಡಲಿಲ್ಲ. ಅವಳ ಬಳಗದವರೆಲ್ಲ ಬೀದರಿಗೆ ಹೋದರು. ಅವಳು ಯುಗಾದಿಗೆ ಕಾದಳು. ನಮ್ಮೂರಲ್ಲಿ ಒಂದು ಕಟ್ಟಳೆ: ಯುಗಾದಿಗೆ ಮುಂಚೆ, ನೀರು ಇಳಿದಾಗ, ಊರ ಮುಖ್ಯಸ್ಥ ಪೊಲೀಸ್ ಪಾಟೀಲ ಡಂಗುರ ಹೊಡೆಸುತ್ತಾನೆ, ಮನೆಗೊಂದು ಆಳು ಬಂದು ಬಾವಿಯ ಹೂಳೆತ್ತಬೇಕು. ಹೂಳೆತ್ತದ ಬಾವಿಯ ನೀರನ್ನು ಹೊಸ ವರ್ಷಕ್ಕೆ ಯಾರೂ ಮುಟ್ಟುವುದಿಲ್ಲ.

"ಹೂಳಿನ ಸಂಗಟ ಅವರ ಹಡ್ಡಿ ಎಲುಬು ಬರ್ತಾವ, ಆಪಾ. ಕಫನ್ ಅರಿವಿ ಹೊದಿಸಿ ಮಣ್ಣು ಮಾಡ್ತೇನಿ. ಆಮ್ಯಾಲ ಹೋಗ್ತೇನಿ," ಎಂದಿದ್ದಳು ಖತೀಜಾ. ಅವಳಿಗೆ ಬೇಕಾದದ್ದು ಅದೊಂದೇ. ಊರಿಗೂ ಅದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಯಾರೂ ಆ ಬಾವಿಗೆ ಕೊಡ ಇಳಿಸದೆ ಹೊಲದ ಬಾವಿಯಿಂದ ನೀರು ಹೊರುತ್ತಿದ್ದರು.

ಚಳಿಗಾಲದಲ್ಲಿ ಸರಕಾರದ ಸಿನಿಮಾ ತೆಗೆಯುವವರ ಲಾರಿ ಬಂತು. ಹಳ್ಳಿಹಳ್ಳಿಯಲ್ಲಿ ಶಾಂತಿ ನೆಲೆಸಿದ್ದನ್ನು ದೇಶಕ್ಕೆ ತೋರಿಸಬೇಕಂತೆ. ಟೋಪಿಯವನೊಬ್ಬ ಬಾವಿ ನೋಡಿ ಕುಣಿದಾಡಿದ. ಒಬ್ಬ ಹಿಂದೂ ಹೆಂಗಸು ನೀರು ಎರೆಯಬೇಕು, ಒಬ್ಬ ಮುಸಲ್ಮಾನ ಹೆಂಗಸು ಕುಡಿಯಬೇಕು, ಇಬ್ಬರೂ ನಗಬೇಕು. ಪಾಟೀಲ ಮಲ್ಲಿಕಾರ್ಜುನಪ್ಪ ನಮ್ಮಿಬ್ಬರನ್ನು ಕರೆಸಿದ. ಖತೀಜಾ ಬಾವಿಯ ಕಡೆ ಬೆನ್ನು ಮಾಡಿ ನಿಂತಳು. ಟೋಪಿಯವನಿಗೆ ನಾನೇ ಬಾವಿಯ ಸಂಗತಿ ಹೇಳಿದೆ. ಅವನು, ಈ ಸಿನಿಮಾ ದೊಡ್ಡ ಸಾಹೇಬರು ನೋಡುತ್ತಾರೆ, ಆಗ ಹೇಳಿ ಬಾವಿ ಖಾಲಿ ಮಾಡಿಸುತ್ತೇನೆ ಎಂದ.

"ಕುಡೀ ಅಕ್ಕಾ, ನಿಂದs ಕೆಲಸ ಆಗ್ತದ," ಎಂದು ಅವಳನ್ನು ಒಪ್ಪಿಸಿದವಳೂ ನಾನೇ. ಲಾರಿಯಲ್ಲಿ ಅವರು ತಂದಿದ್ದ ನೀರಿನ ಡಬ್ಬಿಯನ್ನು ಇಳಿಸಿ ನನ್ನ ಕೊಡ ತುಂಬಿದ್ದು ನನ್ನ ಗಂಡ ಹಾವಗೆಪ್ಪ. ಊರೆಲ್ಲ ಸುತ್ತ ನಿಂತು ನೋಡಿತು. ಬಾವಿಯಿಂದ ಈಗಷ್ಟೇ ಸೇದಿದವಳಂತೆ ನಾನು ಎರೆದೆ, ಅವಳು ಬೊಗಸೆಯಲ್ಲಿ ಕುಡಿದಳು. ಮೊದಲ ಸಲ ಅವಳಿಗೆ ನಗು ಬರಲಿಲ್ಲವೆಂದು ಮೂರು ಸಲ ಕುಡಿಸಿದರು.

ಮಾಘದಲ್ಲಿ ಭಾಲ್ಕಿಯ ತಂಬು ಟಾಕೀಸಿಗೆ ಆ ಸಿನಿಮಾ ಬಂತು. ಹತ್ತು ಬಂಡಿ ಕಟ್ಟಿಕೊಂಡು ಊರಿಗೆ ಊರೇ ಹೋಯಿತು. ಪರದೆಯ ಮೇಲೆ ನಮ್ಮ ಬಾವಿ, ನಮ್ಮ ಬೇವಿನ ಮರ, ಪಕಪಕ ನಗುವ ನಾನು. ಜನ ಸೀಟಿ ಹೊಡೆದರು. ಹೆಂಗಸರು ನನ್ನ ಕೆನ್ನೆ ಹಿಂಡಿದರು. ಮರುದಿನ ಬೆಳಿಗ್ಗೆ ಪಾಟೀಲನ ಮನೆಯ ಹೆಣ್ಣುಮಕ್ಕಳು ಆ ಬಾವಿಗೆ ಕೊಡ ಇಳಿಸಿದರು. ವಾರದೊಳಗೆ ಓಣಿಯೆಲ್ಲ ಇಳಿಸಿತು. ನೀರು ಬೆಲ್ಲದಂತಿದೆ ಎಂದರು.

ಯುಗಾದಿ ಹತ್ತಿರ ಬಂದರೂ ಟೋಪಿಯವನ ಸುದ್ದಿ ಬರಲಿಲ್ಲ, ಡಂಗುರವೂ ಕೇಳಲಿಲ್ಲ. ಚಾವಡಿಗೆ ಹೋಗಿ ಕೇಳಿದೆ.

"ಬಾವಿ ಸಾಫ್ ಅದ. ಈ ವರ್ಷ ಹೂಳ ತೆಗೆಯೂದು ಬ್ಯಾಡ," ಎಂದ ಪಾಟೀಲ.

"ಒಳಗ ಸಮದ ಹಾನಲ್ರಿ!"

"ಯಾರ ಹೇಳ್ಯಾರ? ಅವಾ ಎಲ್ಲೋ ಓಡಿ ಹೋಗ್ಯಾನ. ಹೆಣ ಇದ್ದ ಬಾವಿ ನೀರ ಅವನ ಹೇಂತಿನೇ ಕುಡೀತಿದ್ಳೇನ? ದೇಶೆಲ್ಲಾ ಸಿನಿಮಾದಾಗ ನೋಡ್ಯಾದ."

"ಅದು ಲಾರಿ ನೀರ್ರಿ!"

"ಯಾ ಲಾರಿ?"

ಅವನು ನಾಟಕ ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನ ಮುಖದಲ್ಲಿ ಕಪಟವೇ ಇರಲಿಲ್ಲ. ಮನೆಗೆ ಬಂದು ಗಂಡನನ್ನು ಕೇಳಿದೆ. ಹಾವಗೆಪ್ಪ ತಲೆ ಕೆರೆದುಕೊಂಡು, "ಲಾರಿ ಇತ್ತೇನ? ಸಿನಿಮಾದಾಗ ಕಾಣಲಿಲ್ಲಲ್ಲ," ಎಂದ. ಕೈಯಲ್ಲಿದ್ದ ಸೌಟನ್ನು ಗೋಡೆಗೆ ಎಸೆದೆ. ಸ್ವಂತ ಕೈಯಿಂದ ಡಬ್ಬಿ ಇಳಿಸಿದವನಿಗೆ ತನ್ನ ಕೈಗಿಂತ ಆ ಸಿನಿಮಾದ ಬಿಳಿ ಅರಿವೆ ಹೆಚ್ಚಾಯಿತೇ? ಇಂಥವರ ಕಣ್ಣು ಇದ್ದರೆಷ್ಟು, ಹೋದರೆಷ್ಟು!

ಮರುದಿನ ಹೊತ್ತು ಮೂಡುತ್ತಲೇ ನಾನೂ ಖತೀಜಾಳೂ ಸೀರೆ ಕಚ್ಚೆ ಹಾಕಿ ಬುಟ್ಟಿ ಹಿಡಿದು ಮೆಟ್ಟಿಲಿಳಿದೆವು. ನೀರು ಮೊಣಕಾಲಿಗಿತ್ತು. ಹೂಳು ಬಗೆದು ಬಗೆದು ಮೆಟ್ಟಿಲ ಮೇಲೆ ಸುರಿದೆವು. ದಂಡೆಯ ಮೇಲೆ ಜನ ಸೇರಿದರು. ಕೊಡ ಹಿಡಿದು ಬಂದ ಹೆಂಗಸರು ತಿಳಿ ಇದ್ದಷ್ಟು ತುಂಬಿಕೊಂಡು ಅಲ್ಲೇ ನಿಂತು, ನೀರು ರಾಡಿ ಮಾಡಿದೆವೆಂದು ಬೈದರು. ಒಬ್ಬರೂ ಇಳಿಯಲಿಲ್ಲ.

ಊಟದ ಹೊತ್ತಿಗೆ ಖತೀಜಾಳ ಕೈಗೆ ಏನೋ ತಾಕಿತು. ಅವಳು ಎತ್ತಿದ್ದು ಒಂದು ಉದ್ದನೆಯ ಎಲುಬು. ಪಾಟೀಲ ಮೇಲಿನಿಂದ ಬಗ್ಗಿ ನೋಡಿದ.

"ದನದ್ದು," ಎಂದ.

ಹೌದು ಹೌದು ಎಂದು ನಾಲ್ಕು ಜನ ತಲೆದೂಗಿದರು. ಖತೀಜಾ ಮತ್ತೆ ಬಗ್ಗಿದಳು. ಈ ಸಲ ಕೈಯಲ್ಲಿ ಬಂದದ್ದು ಕೆಸರು ಹಿಡಿದ ಬಟ್ಟೆ. ನೀರಲ್ಲಿ ಜಾಲಾಡಿ ಮೇಲೆತ್ತಿದಳು. ಪೈಜಾಮ, ಅದರ ಲಾಡಿ ಇನ್ನೂ ಗಂಟು ಹಾಕಿಯೇ ಇತ್ತು.

"ದನ ಲಾಡಿ ಕಟ್ತದೇನ್ರಿ, ಪಾಟೀಲರs?" ಎಂದಳು.

ಪಾಟೀಲ ದಂಡೆಯಿಂದ ಹಿಂದೆ ಸರಿದ. ಹಿಂದಿನಿಂದ ಯಾರೋ, ಸಿನಿಮಾದಲ್ಲಿ ಇದೆಲ್ಲ ಇರಲಿಲ್ಲವಲ್ಲ ಎಂದರು. ಆ ಧ್ವನಿ ಯಾರದೆಂದು ನನಗೆ ಗೊತ್ತು. ಮಜ್ಜಿಗೆಗೆ ಬರುತ್ತಿದ್ದವರಲ್ಲಿ ಒಬ್ಬನದು.

ನಾನು ಗಂಡನ ಕಡೆ ನೋಡಿದೆ. ಹಾವಗೆಪ್ಪ ಆ ಬಟ್ಟೆಯನ್ನು ನೋಡಿದ, ತನ್ನ ಎರಡೂ ಅಂಗೈ ನೋಡಿಕೊಂಡ. ಆಮೇಲೆ ಜನರ ಕಡೆ ತಿರುಗಿ, ಊರಿಗೆಲ್ಲ ಕೇಳುವಂತೆ ಕೂಗಿದ:

"ಲಾರಿ ಇತ್ತು! ಡಬ್ಬಿ ನಾನs ಇಳಿಸೀನಿ. ನೀವೆಲ್ಲಾ ಇಲ್ಲೇ ನಿಂತಿದ್ರಿ!"

ಹೆಂಗಸರು ಒಬ್ಬೊಬ್ಬರಾಗಿ ಕೊಡ ಬಗ್ಗಿಸಿ, ಬೆಳಿಗ್ಗೆ ತುಂಬಿಕೊಂಡಿದ್ದ ನೀರನ್ನು ನೆಲಕ್ಕೆ ಚೆಲ್ಲಿದರು. ಹಾವಗೆಪ್ಪ ಧೋತರ ಎತ್ತಿ ಕಟ್ಟಿ ಬಾವಿಯೊಳಗೆ ನಮ್ಮ ಹತ್ತಿರ ಇಳಿದು ಬಂದ.